ಕಾಡು, ಕಲ್ಲು ಮತ್ತು ನಮ್ಮ ಹೊಣೆ

ಅರಣ್ಯವು ಸರಕಾರದ್ದು, ಹಳೆಯ ಗುಡಿಯು ಪ್ರಾಚ್ಯವಸ್ತು ಇಲಾಖೆಯದು ಎಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಒಡೆತನವು ಇಲಾಖೆಯದಾದ ಮಾತ್ರಕ್ಕೆ ಹೊಣೆಯೂ ಅದರದೊಂದೇ ಆಗಬೇಕೆ? ಎಲ್ಲರದೂ ಆದುದು ಯಾರದೂ ಅಲ್ಲವಾಗುತ್ತಿರುವುದು ದುರ್ದೈವ.

ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನೇ ನೋಡಬಹುದು. ಔಷಧಿ ಸಸ್ಯಗಳ ಆಗರವಾದ ಈ ಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನ ದೊರೆಯಿತು. 2016ರಲ್ಲಿ ಅದು ರದ್ದಾಯಿತು. ಗಣಿಗಾರಿಕೆಗೆ ದಾರಿಯಾದೀತೆಂಬ ಆತಂಕದಿಂದ ಗದುಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಜನರೊಡನೆ ಹೋರಾಟಕ್ಕೆ ನಿಂತರು. 2017ರಲ್ಲಿ ಆ ಸ್ಥಾನ ಮರಳಿತು. 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಕಾಯಿದೆಯನ್ನು ಉಳಿಸಿದುದೂ ಜನಶಕ್ತಿಯೇ. ಆದರೆ ಘೋಷಣೆಯು ಕಾಡ್ಗಿಚ್ಚನ್ನು ನಂದಿಸದು. ಬೇಸಿಗೆಯ ಒಣಹುಲ್ಲಿಗೆ ಬಿದ್ದ ಕಿಡಿಯನ್ನು ಮೊದಲು ಕಾಣುವವನು ಕುರಿಗಾಹಿ. ಬೇರು ನಾರುಗಳನ್ನು ಬಲ್ಲವನು ನಾಟಿವೈದ್ಯ. ಇವರ ಹಕ್ಕನ್ನೂ ಮಿತಿಯನ್ನೂ ಗೊತ್ತುಪಡಿಸಿ, ಕಾವಲಿನಲ್ಲಿ ಪಾಲುಗೊಳಿಸುವುದೇ ವಿವೇಕ.

ಐತಿಹಾಸಿಕ ಸ್ಥಳಗಳಿಗೂ ಇದೇ ನ್ಯಾಯ ಸಲ್ಲುತ್ತದೆ. ಅಬ್ಬಿಗೇರಿಗೆ ದೂರವಲ್ಲದ ಸೂಡಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಪ್ರಮುಖ ಪಟ್ಟಣವಾಗಿತ್ತು. ಆ ನಾಡನ್ನು ಅಕ್ಕಾದೇವಿ ಆಳಿದ್ದಳು. ಜೋಡುಕಳಸದ ಗುಡಿ, ನಾಗಕುಂಡಗಳು ಇಂದಿಗೂ ಅಲ್ಲಿವೆ. ಇಂಥವಕ್ಕೆ ಹೊಸ ಬಳಕೆ ಬೇಕೆಂದೊಡನೆ ಉಪಾಹಾರಗೃಹ, ಬಣ್ಣದ ದೀಪಗಳ ಮಾತು ಏಳುತ್ತದೆ. ಪ್ರವಾಸಿಗರು ಬರಲಿ, ಊರವರಿಗೆ ನಾಲ್ಕು ಕಾಸು ದೊರೆಯಲಿ; ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಬಳಕೆಯಿಂದ ವಸ್ತುವಿನ ಆಯುಷ್ಯ ಹೆಚ್ಚಬೇಕು, ಇದೇ ಒರೆಗಲ್ಲು. ಹಳೆಯ ಹೊಂಡದ ಹೂಳೆತ್ತಿ ನೀರು ನಿಲ್ಲಿಸುವುದು ಸದ್ಬಳಕೆ. ಗುಡಿಯ ಗೋಡೆಗೆ ಮೊಳೆ ಹೊಡೆದು ದೀಪ ತೂಗುವುದು ದುರ್ಬಳಕೆ.

ಶಾಲೆಗಳಿಗೂ ಇಲ್ಲಿ ಕೆಲಸವುಂಟು. ಹಳಗನ್ನಡವನ್ನು ಪುಸ್ತಕದಲ್ಲಿ ಮಾತ್ರ ಕಂಡ ವಿದ್ಯಾರ್ಥಿಗೆ ಅದು ಸತ್ತ ನುಡಿಯಾಗಿ ತೋರುತ್ತದೆ. ಶಾಸನದ ಮುಂದೆ ನಿಲ್ಲಿಸಿ, ತನ್ನ ಸೀಮೆಯ ಹಿರಿಯರ ದಾನಧರ್ಮಗಳ ವಿವರವನ್ನು ಓದಿಸಿದರೆ ಅದೇ ನುಡಿಗೆ ಜೀವ ಬರುತ್ತದೆ. ವರ್ಷಕ್ಕೆರಡು ದಿನ, ಇಲಾಖೆಯ ಅನುಮತಿ ಪಡೆದು, ಅಕ್ಷರಗಳಿಗೆ ಸುಣ್ಣ ಬಳಿಯದೆ, ಕಲ್ಲನ್ನು ಉಜ್ಜದೆ, ಸೂಡಿಯಲ್ಲಿ ಕನ್ನಡ ಪಾಠ ನಡೆಸುವುದು ನಮ್ಮ ಭಾಗದ ಯಾವ ಪ್ರೌಢಶಾಲೆಗೂ ಹೊರೆಯಾಗದು. ಹೀಗೆ ಓದಿದವನು ನಾಳೆ ತನ್ನೂರ ಶಾಸನವು ಬಟ್ಟೆ ಒಗೆಯುವ ಹಾಸುಗಲ್ಲಾಗಲು ಬಿಡನು.

ಶರಣರು ಕಾಯಕಕ್ಕೆ ಪೂಜೆಗಿಂತ ಹಿರಿದಾದ ಸ್ಥಾನವಿತ್ತರು. ಕಾಡಿಗೂ ಕಲ್ಲಿಗೂ ಬೇಕಾದುದು ಆ ಕಾಯಕವೇ. ಈ ಸಂಚಿಕೆಯನ್ನು ಓದುವ ಪಾಲಕರೂ ಹಳೆಯ ವಿದ್ಯಾರ್ಥಿಗಳೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿ.