ಇಂಗ್ಲಿಷು ಮಾತೂ ನಮ್ಮ ಬಯಲೂ

ಇಂಗ್ಲಿಷನ್ನು ಕಲಿಯುವ ನಮ್ಮ ಬಾಲಿಕೆಯರು ಮನೆಯಾಚೆಗಿನ ಲೋಕವನ್ನೆಲ್ಲ ‘ಔಟ್‌ಸೈಡ್’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದನ್ನು ನಾವು ಕಾಣುತ್ತಿರುವೆವು. ಈ ವಿಷಯದಲ್ಲಿ ಎರಡು ಮಾತುಗಳನ್ನು ಹೇಳುವುದು ಉಚಿತವೆಂದು ತೋರುತ್ತದೆ.

ಇಂಗ್ಲಿಷಿನವರು ಹೊರಗನ್ನು ಬಾಗಿಲಿನಿಂದ ಅಳೆಯುವರು. ‘ಔಟ್‌ಡೋರ್ಸ್’ ಎಂದರೆ ಬಾಗಿಲುಗಳ ಆಚೆ ಎಂದಷ್ಟೇ ಪದಾರ್ಥ. ನಮ್ಮ ಗುಂಡ್ಲುಪೇಟೆಯ ಸೀಮೆಯಲ್ಲಾದರೋ ಜಗಲಿ, ಅಂಗಳ, ಹಿತ್ತಲು, ಕಣ, ಹೊಲ, ಗೋಮಾಳ, ಕಾಡು ಎಂದು ಹೆಜ್ಜೆಗೊಂದು ಹೆಸರುಂಟು. ಇಂಗ್ಲಿಷಿನಲ್ಲಿ ಬಿಡಿ ಹೆಸರುಗಳಿಲ್ಲವೆಂದಲ್ಲ. ಅವು ಆ ದೇಶದ ನೆಲಕ್ಕೆ ಹೊಂದಿದವುಗಳು.

ಆ ಭಾಷೆಯಲ್ಲಿ ‘ಸನ್ನಿ ಡೇ’ ಎಂಬುದು ಆನಂದದ ದಿನ. ಮೋಡ ಮಳೆಗಳ ಆ ದೇಶಕ್ಕೆ ಅದು ಸಹಜವೇ. ಏಪ್ರಿಲ್ ತಿಂಗಳಿನ ನಮ್ಮ ಬಿಸಿಲನ್ನು ಉಂಡವರು ಮೋಡ ಕವಿದ ದಿನವನ್ನೇ ಒಳ್ಳೆಯ ದಿನವೆನ್ನುವರು. ‘ಹೊಟ್ಟೆ ತಣ್ಣಗಿರಲಿ’ ಎಂದು ಹರಸುವರು. ‘ಜಂಗಲ್’ ಎಂಬ ಪದವೂ ಹಾಗೆಯೇ. ಸಂಸ್ಕೃತದ ‘ಜಾಂಗಲ’ವು ನೀರೂ ಮರಗಳೂ ವಿರಳವಾದ ಒಣನೆಲ. ಅದು ಹಿಂದಿಯ ಮಾರ್ಗವಾಗಿ ಇಂಗ್ಲಿಷನ್ನು ಸೇರಿ, ದಟ್ಟವಾಗಿ ಹೆಣೆದುಕೊಂಡ ಹಸುರುಗಾಡು ಎಂಬ ಅರ್ಥವನ್ನು ಪಡೆಯಿತು. ಬೇಸಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಬಂಡೀಪುರದ ಕಾಡಿನಲ್ಲಿ ಆ ಹಸುರನ್ನು ಹುಡುಕಿದವರಿಗೆ ಕಾಡೇ ಕಾಣದು.

ಆದರೆ ಇಂಗ್ಲಿಷಿನಿಂದ ನಾವು ಕಲಿಯತಕ್ಕುದೂ ಒಂದುಂಟು. ‘ಐ ವೆಂಟ್ ಫಾರ್ ಎ ವಾಕ್’ ಎಂದು ಹೇಳಿದವಳನ್ನು ಏತಕ್ಕೆಂದು ಯಾರೂ ಕೇಳರು. ನಮ್ಮ ಹುಡುಗಿಯು ‘ಹೊರಗೆ ಹೋಗಿದ್ದೆ’ ಎಂದರೆ ಏತಕ್ಕೆಂಬ ಪ್ರಶ್ನೆಯು ಕೂಡಲೇ ಬರುವುದು. ನೀರಿಗೆ, ಸೌದೆಗೆ, ದನದ ಹಿಂದೆ ಎಂಬ ಕಾರಣವೊಂದು ಬೇಕು. ‘ಬಯಲಿಗೆ ಹೋಗುವುದು’ ಎಂದರೆ ಸಂಕೋಚದ ಮಾತು. ‘ಹೊರಗಾಗುವುದು’ ಎಂದರೆ ಹೆಣ್ಣನ್ನು ತಿಂಗಳಲ್ಲಿ ಕೆಲವು ದಿನ ದೂರವಿಡುವ ಮಾತು. ‘ವಾಯುವಿಹಾರ’ವೆಂಬ ಸೊಗಸಾದ ಪದವು ಕನ್ನಡದಲ್ಲಿ ಇಲ್ಲದಿಲ್ಲ, ಅದು ಬಹುಮಟ್ಟಿಗೆ ಗಂಡಸರ ಪಾಲಾಗಿದೆ.

ಆದುದರಿಂದ ನಮ್ಮ ಅಭಿಪ್ರಾಯವಿದು: ಇಂಗ್ಲಿಷು ಕಲಿತವಳು ಕಣ, ಗೋಮಾಳಗಳ ಹೆಸರನ್ನು ಮರೆಯಕೂಡದು, ಇಂಗ್ಲಿಷಿನಲ್ಲಿ ಬರೆಯುವಾಗಲೂ ಅವನ್ನು ಹಾಗೆಯೇ ಬಳಸಲು ನಾಚಬೇಕಾದುದಿಲ್ಲ. ಕಾರಣ ಕೊಡದೆ ನಡೆದಾಡುವ ಸ್ವಾತಂತ್ರ್ಯವನ್ನು ಮಾತ್ರ ಆ ಭಾಷೆಯಿಂದ ಧಾರಾಳವಾಗಿ ತೆಗೆದುಕೊಳ್ಳಲಿ. ಮಗಳಿಂದ ‘ಈವ್ನಿಂಗ್ ವಾಕ್’ ಎಂಬ ಪ್ರಬಂಧವನ್ನು ಬರೆಯಿಸುವುದಕ್ಕೆ ಮೊದಲು ಅವಳನ್ನು ಒಂದು ಸಂಜೆ ಗೆಳತಿಯರೊಡನೆ ನಡೆದುಬರಲು ಕಳುಹಿಸಬೇಕೆಂದು ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ.