ಉತ್ತರ ಕನ್ನಡದ ಆರನೆಯ ಸ್ಥಾನ



ಜನಸಂಖ್ಯೆಯೊಂದನ್ನೇ ಅಳತೆಗೋಲಾಗಿಸಿ ಲೋಕಸಭಾ ಕ್ಷೇತ್ರಗಳನ್ನು ಮರುವಿಂಗಡಿಸಿದರೆ, ಕುಟುಂಬ ಯೋಜನೆಯನ್ನು ನಿಷ್ಠೆಯಿಂದ ಪಾಲಿಸಿದ ದಕ್ಷಿಣದ ರಾಜ್ಯಗಳಿಗೆ ಅನ್ಯಾಯವಾಗುತ್ತದೆಂದು ಕರ್ನಾಟಕ ಸರ್ಕಾರ ವಾದಿಸುತ್ತ ಬಂದಿದೆ. 2025ರ ಮಾರ್ಚ್ 22ರಂದು ಇದೇ ವಿಷಯವಾಗಿ ಚೆನ್ನೈಯಲ್ಲಿ ಸೇರಿದ ಜಂಟಿ ಕ್ರಿಯಾ ಸಮಿತಿಯ ಸಭೆಗೆ ರಾಜ್ಯದ ಪರವಾಗಿ ಉಪಮುಖ್ಯಮಂತ್ರಿಯೇ ಹೋಗಿದ್ದರು. ವಾದ ಸರಿಯಾದದ್ದೇ. ಆದರೆ ಅದೇ ಅಳತೆಗೋಲು ವಿಧಾನಸಭೆಯ 224 ಸ್ಥಾನಗಳಿಗೂ ಬೀಳುತ್ತದೆ ಮತ್ತು ಆಗ ಪೆಟ್ಟು ತಿನ್ನುವುದು ರಾಜ್ಯದೊಳಗಿನ ಉತ್ತರ ಕನ್ನಡದಂಥ ಜಿಲ್ಲೆಗಳು ಎಂಬ ಸಂಗತಿ ಬೆಂಗಳೂರಿನ ಚರ್ಚೆಗಳಲ್ಲಿ ಕೇಳಿಬರುವುದು ತೀರಾ ಅಪರೂಪ.

ಲೆಕ್ಕ ಕಠಿಣವೇನಲ್ಲ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 6,10,95,297. ಇದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.73 ಲಕ್ಷ ಜನ. ಉತ್ತರ ಕನ್ನಡದ ಜನಸಂಖ್ಯೆ 14,37,169, ಅಂದರೆ ಈ ಸರಾಸರಿಯಂತೆ ಜಿಲ್ಲೆಗೆ ಸಲ್ಲುವುದು ಐದೂಕಾಲು ಸ್ಥಾನ ಮಾತ್ರ. ಈಗಿರುವುದು ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ ಎಂಬ ಆರು. ಇದೇ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆಯ 28 ಸ್ಥಾನಗಳು 35ಕ್ಕೇರುತ್ತವೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇಕಡಾ 15.6ರಷ್ಟು ಬೆಳೆದಾಗ ಉತ್ತರ ಕನ್ನಡದ್ದು ಶೇಕಡಾ 6ರಷ್ಟು ಮಾತ್ರ ಬೆಳೆಯಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಹೊಸ ಗಣತಿಯಲ್ಲಿ ಈ ಅಂತರ ಕುಗ್ಗುವ ಲಕ್ಷಣವಿಲ್ಲ. ದೆಹಲಿಯ ಮುಂದೆ ಕರ್ನಾಟಕ ಏನೆಂದು ದೂರುತ್ತಿದೆಯೋ ಅದನ್ನೇ ಕಾರವಾರ ಬೆಂಗಳೂರಿನ ಮುಂದೆ ದೂರಬೇಕಾದ ದಿನ ಬರಲಿದೆ.

ಗಡಿಗೆರೆ ಬದಲಾದರೆ ಏನಾಗುತ್ತದೆಂಬುದನ್ನು ಅಂಕೋಲಾ ತಾಲೂಕು ಒಮ್ಮೆ ಕಂಡಿದೆ. 1930ರ ಉಪ್ಪಿನ ಸತ್ಯಾಗ್ರಹದಿಂದ ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡ ಈ ತಾಲೂಕಿನ ಹೆಸರಿನಲ್ಲಿ, ಘಟ್ಟದ ಮೇಲಿನ ಯಲ್ಲಾಪುರವನ್ನೂ ಒಳಗೊಂಡ ವಿಧಾನಸಭಾ ಕ್ಷೇತ್ರವೊಂದು 2008ರವರೆಗೆ ಇತ್ತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ ಮರುವಿಂಗಡಣೆಯಲ್ಲಿ ಅದು ಅಳಿಯಿತು. ಯಲ್ಲಾಪುರ, ಮುಂಡಗೋಡಗಳು ಬೇರೆ ಕ್ಷೇತ್ರವಾದವು, ಅಂಕೋಲೆ ಕಾರವಾರದ ಬಾಲಕ್ಕೆ ಸೇರಿತು. ಅಂಕೋಲೆಯಿಂದ 1994, 1999, 2004ರಲ್ಲಿ ಗೆದ್ದಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು, ಅದುವರೆಗೆ ಮೀಸಲಾಗಿದ್ದು ಆಗ ಸಾಮಾನ್ಯವಾದ ಶಿರಸಿಗೆ ಹೋದರು. ಅದು ಅವರ ತಪ್ಪಲ್ಲ, ಗಡಿಗೆರೆಯ ಫಲ. ಅಂದಿನಿಂದ ಕಾರವಾರ ಕ್ಷೇತ್ರದಲ್ಲಿ ಆನಂದ ಅಸ್ನೋಟಿಕರ, ಸತೀಶ ಸೈಲ್, ರೂಪಾಲಿ ನಾಯ್ಕ ಹೀಗೆ ಗೆದ್ದವರೆಲ್ಲ ಕಾರವಾರ ಭಾಗದವರೇ ಆಗಿದ್ದಾರೆ. 

ಈಗ ಆರನೆಯ ಸ್ಥಾನವೂ ಹೋದರೆ ಕಾರವಾರ–ಅಂಕೋಲೆಗೆ ಜೋಯಿಡಾದ ಕಾಡನ್ನೋ ಕುಮಟೆಯ ಒಂದು ಹೋಳನ್ನೋ ಅಂಟಿಸಬೇಕಾಗುತ್ತದೆ. ಈಗಲೇ ಗೋವೆಯ ಗಡಿಯ ಮಾಜಾಳಿಯಿಂದ ಗಂಗಾವಳಿಯ ಕಣಿವೆಯವರೆಗೆ ಹರಡಿದ, ಮೀನುಗಾರರೂ ಹಾಲಕ್ಕಿಗಳೂ ಕೊಂಕಣಿಗರೂ ಇರುವ ಈ ಕ್ಷೇತ್ರ ಹೊತ್ತ ಹೊರೆ ಕಡಿಮೆಯದಲ್ಲ. ಸೀಬರ್ಡ್ ನೌಕಾನೆಲೆಗಾಗಿ ಎರಡೂ ತಾಲೂಕುಗಳ ಕಡಲಂಚಿನ ಹಳ್ಳಿಗಳು ಎದ್ದುಹೋದವು. ಕೈಗಾದ ಅಣುಸ್ಥಾವರ ಇಲ್ಲಿಯದೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ರಸ್ತೆಬದಿಯ ಚಹಾದಂಗಡಿ ಮಣ್ಣಿನಡಿ ಸೇರಿತು, ಗಂಗಾವಳಿಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು, ನದಿಗೆ ಬಿದ್ದ ಲಾರಿಯೊಂದನ್ನು ಮೇಲೆತ್ತುವಷ್ಟರಲ್ಲಿ ಸೆಪ್ಟೆಂಬರ್ ಕೊನೆಯಾಗಿತ್ತು. ಇಂಥ ನೆಲದ ಶಾಸಕರ ಕೆಲಸವನ್ನು ತಲೆಯೆಣಿಕೆಯಿಂದ ಅಳೆಯಲಾಗದು.

ಕಾನೂನೂ ಹಾಗೆ ಅಳೆಯಬೇಕೆನ್ನುವುದಿಲ್ಲ. ಸಂವಿಧಾನದ 170ನೆಯ ವಿಧಿ ಕ್ಷೇತ್ರಗಳ ಜನಸಂಖ್ಯೆ ಸಾಧ್ಯವಾದ ಮಟ್ಟಿಗೆ ಸಮವಾಗಿರಲಿ ಎನ್ನುತ್ತದಷ್ಟೆ. 2002ರ ಮರುವಿಂಗಡಣಾ ಕಾಯಿದೆಯ 9ನೆಯ ಕಲಮು ಭೂಲಕ್ಷಣ, ಆಡಳಿತ ಗಡಿ, ಸಂಪರ್ಕ ಸೌಕರ್ಯ, ಸಾರ್ವಜನಿಕರ ಅನುಕೂಲ ಇವನ್ನೂ ಗಮನಿಸಬೇಕೆನ್ನುತ್ತದೆ. 2022ರಲ್ಲಿ ಜಮ್ಮು–ಕಾಶ್ಮೀರದ ಆಯೋಗ ಜಿಲ್ಲೆಗಳನ್ನು ಗುಡ್ಡಗಾಡು, ಮಿಶ್ರ, ಬಯಲು ಎಂದು ವಿಂಗಡಿಸಿ ಸರಾಸರಿಗಿಂತ ಶೇಕಡಾ 10ರಷ್ಟು ಹೆಚ್ಚುಕಡಿಮೆಗೆ ಎಡೆಗೊಟ್ಟಿತು. ಇದಕ್ಕೆ ವಿರುದ್ಧವಾಗಿ ಉತ್ತರಾಖಂಡದಲ್ಲಿ ಹಿಂದಿನ ಮರುವಿಂಗಡಣೆಯಿಂದ ಬೆಟ್ಟದ ಜಿಲ್ಲೆಗಳ ಸ್ಥಾನಗಳು 40ರಿಂದ 34ಕ್ಕಿಳಿದವು. ಬೆಟ್ಟದ ಜನಕ್ಕಾಗಿಯೇ ಹೋರಾಡಿ ಪಡೆದ ರಾಜ್ಯದಲ್ಲಿ ಬಯಲಿನವರೇ ಹೆಚ್ಚಾದರು.

ಮುಂದಿನ ಮರುವಿಂಗಡಣಾ ಆಯೋಗದ ಕರಡು ಹೊರಬಿದ್ದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಿಗುವ ಕಾಲ ಅಲ್ಪ, ಅಷ್ಟರಲ್ಲಿ ನಕ್ಷೆಯೂ ಬಹುಪಾಲು ಗಟ್ಟಿಯಾಗಿರುತ್ತದೆ. ಆದ್ದರಿಂದ ಗುಡ್ಡ–ಕರಾವಳಿ ಜಿಲ್ಲೆಗಳಿಗೆ ಭೂಲಕ್ಷಣದ ರಿಯಾಯಿತಿ ಬೇಕೆಂದು ರಾಜ್ಯ ಸರ್ಕಾರ ಈಗಲೇ ನಿರ್ಣಯ ಮಾಡಬೇಕು. ಆಯೋಗಕ್ಕೆ ನೆರವಾಗಲು ಹತ್ತು ಮಂದಿ ಜನಪ್ರತಿನಿಧಿಗಳನ್ನು ಸಹ ಸದಸ್ಯರೆಂದು ಸಭಾಧ್ಯಕ್ಷರು ನಾಮನಿರ್ದೇಶನ ಮಾಡುವುದು ಈವರೆಗಿನ ಪದ್ಧತಿ. ಅವರಿಗೆ ಮತದ ಹಕ್ಕಿಲ್ಲ, ಭಿನ್ನಮತ ದಾಖಲಿಸುವ ಹಕ್ಕಿದೆ. ಆ ಹತ್ತರಲ್ಲಿ ಉತ್ತರ ಕನ್ನಡದವರೊಬ್ಬರಾದರೂ ಇರುವಂತೆ ಜಿಲ್ಲೆಯ ಆರೂ ಶಾಸಕರು ಪಕ್ಷ ಮರೆತು ಒತ್ತಾಯಿಸಬೇಕು. ಅಂಕೋಲಾ ಕ್ಷೇತ್ರದ ಕೊನೆಯ ಶಾಸಕರೂ 2024ರಲ್ಲಿ ಜಿಲ್ಲೆಯ ಸಂಸದರಾಗಿ ಆಯ್ಕೆಯಾದವರೂ ಆದ ಕಾಗೇರಿಯವರು ಈ ವಿಷಯದಲ್ಲಿ ಮೊದಲು ಬಾಯಿ ತೆರೆಯಬೇಕು.

ಇತಿ,
ಓದುಗರೊಬ್ಬರು, ಅಂಕೋಲಾ