ಸೋರ್ಸ್ ಕೋಡ್‌ನಲ್ಲೇ ಬೀಗದ ಕೈ: ಮೂರು ಬಾರಿ ಎಡವಿದ ಉಬರ್

ಬೆಂಗಳೂರು: ಬಾಡಿಗೆ ಕಾರು ಸೇವೆಯ ಉಬರ್ ಸಂಸ್ಥೆಯ ಗಣಕ ವ್ಯವಸ್ಥೆಗೆ 2014ರಿಂದ 2022ರ ನಡುವೆ ಮೂರು ಬಾರಿ ಕನ್ನ ಬಿತ್ತು. ಮೂರೂ ಬಾರಿ ಒಳನುಗ್ಗಿದವರು ಬೇರೆ, ಅವರು ಹಿಡಿದ ದಾರಿಯೂ ಬೇರೆ. ಆದರೆ ಹೊರಬಿದ್ದಿರುವ ವಿವರಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಅಂಶ ಮಾತ್ರ ಸಮಾನವಾಗಿದೆ. ಬಾಗಿಲು ತೆರೆಯುವ ಕೀಲಿಯನ್ನು ಸಂಸ್ಥೆಯವರೇ ಕೋಡ್‌ನೊಳಗೆ ಬರೆದಿಟ್ಟಿದ್ದರು.

ತಂತ್ರಾಂಶ ಲೋಕದಲ್ಲಿ ಇದನ್ನು 'ಹಾರ್ಡ್‌ಕೋಡಿಂಗ್' ಎನ್ನುತ್ತಾರೆ. ಹೊರಗಿನಿಂದ ಪಡೆಯಬೇಕಾದ ಮೌಲ್ಯವನ್ನು ಪ್ರೋಗ್ರಾಮಿನ ಸಾಲಿನಲ್ಲೇ ನೇರವಾಗಿ ನಮೂದಿಸುವ ಪದ್ಧತಿಯಿದು. ತೆರಿಗೆ ದರವನ್ನೋ ಕಡತದ ವಿಳಾಸವನ್ನೋ ಹೀಗೆ ಬರೆದರೆ, ಅದು ಬದಲಾದಾಗ ತೊಂದರೆಯಾಗುತ್ತದೆ, ಅಷ್ಟೆ. ಬರೆದದ್ದು ಪಾಸ್‌ವರ್ಡ್ ಅಥವಾ ಡೇಟಾಬೇಸ್ ಕೀಲಿಯಾಗಿದ್ದರೆ, ಆ ಕೋಡನ್ನು ಓದಬಲ್ಲ ಪ್ರತಿಯೊಬ್ಬನ ಕೈಗೂ ಉಗ್ರಾಣದ ಬೀಗದ ಕೈ ಕೊಟ್ಟಂತೆ.

ಮೂರು ಪ್ರಕರಣ, ಒಂದೇ ದೋಷ: 2014ರ ಮೇ ತಿಂಗಳಿನಲ್ಲಿ ನಡೆದದ್ದು ಇದೇ. ಉಬರ್ ಎಂಜಿನಿಯರ್ ಒಬ್ಬರು ಗಿಟ್‌ಹಬ್ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ್ದ ಕೋಡ್‌ನಲ್ಲಿ, ಅಮೆಜಾನ್ ಕ್ಲೌಡ್‌ನಲ್ಲಿದ್ದ ಸಂಸ್ಥೆಯ ದತ್ತಾಂಶದ ಕೀಲಿಯಿತ್ತು. ಒಂದು ಲಕ್ಷಕ್ಕೂ ಹೆಚ್ಚು ಚಾಲಕರ ಹೆಸರು ಮತ್ತು ಲೈಸೆನ್ಸ್ ಸಂಖ್ಯೆಗಳು ಅನ್ಯರ ಪಾಲಾದವು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಎಫ್‌ಟಿಸಿ) ಹೇಳಿತು.

ಈ ತನಿಖೆ ಮುಗಿಯುವ ಮೊದಲೇ, 2016ರಲ್ಲಿ ಎರಡನೆಯ ದಾಳಿ ನಡೆಯಿತು. ಈ ಬಾರಿ ಕೋಡ್ ಭಂಡಾರ ಖಾಸಗಿಯಾಗಿತ್ತು. ಬೇರೆಡೆ ಸೋರಿಕೆಯಾಗಿದ್ದ ಪಾಸ್‌ವರ್ಡ್‌ಗಳನ್ನು ಬಳಸಿ ದಾಳಿಕೋರರು ಅದನ್ನು ಪ್ರವೇಶಿಸಿದರು. ಒಳಗೆ ಮತ್ತೆ ಅಮೆಜಾನ್ ಕೀಲಿ ಸಿಕ್ಕಿತು. ಜಗತ್ತಿನಾದ್ಯಂತ 5.7 ಕೋಟಿ ಪ್ರಯಾಣಿಕರು ಮತ್ತು ಚಾಲಕರ ವಿವರಗಳು, ಅವುಗಳೊಂದಿಗೆ ಅಮೆರಿಕದ ಸುಮಾರು 6 ಲಕ್ಷ ಚಾಲಕರ ಲೈಸೆನ್ಸ್ ಸಂಖ್ಯೆಗಳು ಕಳವಾದವು. ಕೋಡ್ ಭಂಡಾರಕ್ಕೆ ಬೇಲಿ ಹಾಕಿದರೆ ಸಾಕೆಂಬ ನಂಬಿಕೆ ಅಲ್ಲಿಗೆ ಸುಳ್ಳಾಯಿತು.

ಸಂಸ್ಥೆ ಇದನ್ನು ಬಹಿರಂಗಪಡಿಸಲಿಲ್ಲ. ದಾಳಿಕೋರರಿಗೆ ಒಂದು ಲಕ್ಷ ಡಾಲರ್ ಕೊಟ್ಟು, ದೋಷ ಹುಡುಕಿದವರಿಗೆ ನೀಡುವ ಬಹುಮಾನವೆಂದು ಲೆಕ್ಕ ಬರೆಯಿತು. ಹೊಸ ಮುಖ್ಯಸ್ಥ ದಾರಾ ಖೋಸ್ರೋಶಾಹಿ 2017ರ ನವೆಂಬರ್‌ನಲ್ಲಿ ಪ್ರಕಟಿಸಿದಾಗಲಷ್ಟೇ ಜಗತ್ತಿಗೆ ವಿಷಯ ತಿಳಿಯಿತು. 2018ರಲ್ಲಿ ಅಮೆರಿಕದ ರಾಜ್ಯಗಳೊಂದಿಗಿನ ಒಪ್ಪಂದದಂತೆ ಉಬರ್ 14.8 ಕೋಟಿ ಡಾಲರ್ ತೆರಬೇಕಾಯಿತು. ಆಗಿನ ಭದ್ರತಾ ಮುಖ್ಯಸ್ಥ ಜೋ ಸುಲ್ಲಿವನ್, ಎಫ್‌ಟಿಸಿ ತನಿಖೆಗೆ ಅಡ್ಡಿಪಡಿಸಿದ ಹಾಗೂ ಅಪರಾಧವನ್ನು ಮುಚ್ಚಿಟ್ಟ ಆರೋಪಗಳಲ್ಲಿ 2022ರ ಅಕ್ಟೋಬರ್‌ನಲ್ಲಿ ದೋಷಿಯೆಂದು ಸಾಬೀತಾಗಿ, ಮರುವರ್ಷ 3 ವರ್ಷಗಳ ಪ್ರೊಬೇಷನ್ ಶಿಕ್ಷೆಗೆ ಒಳಗಾದರು.

ಆ ವಿಚಾರಣೆ ನಡೆಯುತ್ತಿದ್ದ 2022ರ ಸೆಪ್ಟೆಂಬರ್‌ನಲ್ಲೇ ಮೂರನೆಯ ದಾಳಿ ವರದಿಯಾಯಿತು. ಗುತ್ತಿಗೆದಾರನೊಬ್ಬನ ಖಾತೆಯ ಮೂಲಕ ಒಳಹೊಕ್ಕ ದಾಳಿಕೋರ ಹೇಳಿಕೊಂಡಂತೆ, ಆಂತರಿಕ ಜಾಲದಲ್ಲಿದ್ದ ಒಂದು ಸ್ಕ್ರಿಪ್ಟ್‌ನಲ್ಲಿ ನಿರ್ವಾಹಕನ ಪಾಸ್‌ವರ್ಡ್ ಬರೆದಿತ್ತು. ಅದು ಸಂಸ್ಥೆಯ ಇತರ ಪಾಸ್‌ವರ್ಡ್‌ಗಳನ್ನೆಲ್ಲ ಕಾಯ್ದಿಡುವ ವ್ಯವಸ್ಥೆಯದೇ ಪಾಸ್‌ವರ್ಡ್!

ಅಳಿಸಿದರೂ ಹೋಗದು: ಇಷ್ಟೆಲ್ಲ ತಿಳಿದೂ ಈ ರೂಢಿ ಏಕೆ ನಿಲ್ಲುತ್ತಿಲ್ಲ? ಕೀಲಿಯನ್ನು ಪ್ರತ್ಯೇಕ ಭದ್ರಕೋಶದಲ್ಲಿಟ್ಟು, ಬೇಕಾದಾಗ ಪ್ರೋಗ್ರಾಮ್ ಅದನ್ನು ಕೇಳಿ ಪಡೆಯುವಂತೆ ಮಾಡುವುದು ಸರಿಯಾದ ಕ್ರಮ. ಗಡುವಿನ ಒತ್ತಡದಲ್ಲಿ ಅದು ಹೆಚ್ಚುವರಿ ಕೆಲಸವಾಗಿ ಕಾಣುತ್ತದೆ. 'ಸದ್ಯಕ್ಕೆ ಇರಲಿ' ಎಂದು ಬರೆದ ಸಾಲು ವರ್ಷಗಟ್ಟಲೆ ಉಳಿಯುತ್ತದೆ.

ಬರೆದ ಸಾಲನ್ನು ಅಳಿಸಿದ ಮಾತ್ರಕ್ಕೆ ಅಪಾಯ ತಪ್ಪುವುದೂ ಇಲ್ಲ. ಗಿಟ್‌ನಂತಹ ವ್ಯವಸ್ಥೆ ಕೋಡ್‌ನ ಪ್ರತಿ ಹಳೆಯ ಆವೃತ್ತಿಯನ್ನೂ ಕಾಪಾಡುತ್ತದೆ. ಹಾಗಾಗಿ ಬೀಗವನ್ನೇ ಬದಲಿಸುವುದೊಂದೇ ಪರಿಹಾರ. ಆದರೆ ಅದೇ ಕೀಲಿ ಹತ್ತು ಪ್ರೋಗ್ರಾಮುಗಳಲ್ಲಿ ಅಡಗಿದ್ದರೆ, ಬದಲಿಸಿದೊಡನೆ ಹತ್ತೂ ಸೇವೆಗಳು ನಿಂತುಹೋಗಬಹುದು. ಈ ಭಯದಿಂದಲೇ ಬದಲಾವಣೆ ಮುಂದೂಡಲ್ಪಡುತ್ತದೆ. ಗಿಟ್‌ಗಾರ್ಡಿಯನ್ ಸಂಸ್ಥೆಯ 2025ರ ವರದಿಯ ಪ್ರಕಾರ, 2024ರೊಂದರಲ್ಲೇ ಗಿಟ್‌ಹಬ್‌ನ ಸಾರ್ವಜನಿಕ ಕೋಡ್‌ನಲ್ಲಿ 2.3 ಕೋಟಿಗೂ ಹೆಚ್ಚು ಹೊಸ ಗುಪ್ತ ಕೀಲಿಗಳು ಕಂಡುಬಂದವು. 2022ರಲ್ಲಿ ಸೋರಿಕೆಯಾದವುಗಳ ಪೈಕಿ ಶೇ 70ರಷ್ಟು ಆಗಲೂ ಚಾಲ್ತಿಯಲ್ಲಿದ್ದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯುಂಟು. ಇಲ್ಲಿ ಆ ಬಾಗಿಲೂ ತೆರೆದೇ ಇದೆ.

ಹೊರಗುತ್ತಿಗೆಯ ಹೊಣೆ: ವಿದೇಶಿ ಸಂಸ್ಥೆಗಳ ತಂತ್ರಾಂಶ ಬರೆದುಕೊಡುವುದೇ ದೊಡ್ಡ ಉದ್ಯಮವಾಗಿರುವ ಬೆಂಗಳೂರಿಗೆ ಟೊಯೋಟ ಪ್ರಕರಣ ವಿಶೇಷವಾಗಿ ಅನ್ವಯಿಸುತ್ತದೆ. ಅದರ 'ಟಿ-ಕನೆಕ್ಟ್' ಸೇವೆಯ ಜಾಲತಾಣವನ್ನು ರೂಪಿಸುತ್ತಿದ್ದ ಹೊರಗುತ್ತಿಗೆ ಕಂಪನಿಯೊಂದು ಕೋಡ್‌ನ ಒಂದು ಭಾಗವನ್ನು ತಪ್ಪಾಗಿ ಸಾರ್ವಜನಿಕವಾಗಿ ಇರಿಸಿತ್ತು. 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಅದು ಹಾಗೆಯೇ ಇತ್ತು. ಅದರಲ್ಲಿ ದತ್ತಾಂಶ ಸರ್ವರ್‌ನ ಕೀಲಿಯೂ ಇತ್ತು. 2,96,019 ಗ್ರಾಹಕರ ಇ-ಮೇಲ್ ವಿಳಾಸಗಳು ಅಪಾಯಕ್ಕೆ ಸಿಲುಕಿದವು. ಕ್ಷಮೆ ಕೇಳಬೇಕಾಗಿ ಬಂದದ್ದು ಟೊಯೋಟ.

ಭಾರತದ ಕಾನೂನಿನ ದಿಕ್ಕೂ ಇದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಗುತ್ತಿಗೆದಾರನ ಕೈಯಲ್ಲಿರುವ ದತ್ತಾಂಶಕ್ಕೂ ಮೂಲ ಸಂಸ್ಥೆಯನ್ನೇ ಹೊಣೆಯಾಗಿಸುತ್ತದೆ. ಸೂಕ್ತ ರಕ್ಷಣಾ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಮುಖ್ಯ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಿವೆ. ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂಬ ಸರ್ಟ್-ಇನ್ ನಿರ್ದೇಶನ 2022ರಲ್ಲೇ ಬಂದಿದೆ. ಉಬರ್ ಮಾದರಿಯಲ್ಲಿ ವರ್ಷವಿಡೀ ಮೌನ ವಹಿಸಲು ಇಲ್ಲಿ ಅವಕಾಶವಿಲ್ಲ.

ಈ ಕಾಲಾವಕಾಶದಲ್ಲಿ ಸಂಸ್ಥೆಗಳು ಮಾಡಬೇಕಾದ ಪರೀಕ್ಷೆ ಸರಳ. ತಮ್ಮ ಕೀಲಿಯೊಂದು ಇಂದು ಸೋರಿದರೆ, ಸೇವೆ ನಿಲ್ಲಿಸದೆ ಎಷ್ಟು ಹೊತ್ತಿನಲ್ಲಿ ಅದನ್ನು ಬದಲಿಸಬಲ್ಲೆವು ಎಂದು ನೋಡಿಕೊಳ್ಳುವುದು. ಅದಕ್ಕೆ ಉತ್ತರವಿಲ್ಲದ ಕಡೆ, ಸಾಲು ಬರೆದ ಎಂಜಿನಿಯರ್‌ನನ್ನು ದೂರಿ ಫಲವಿಲ್ಲ. ಸಂಸ್ಥೆ ತನ್ನ ಕೀಲಿಯನ್ನು ಒಂದು ದಿನ ಬದಲಿಸಿಕೊಳ್ಳಬಹುದು. ಕಳವಾದ ಲೈಸೆನ್ಸ್ ಸಂಖ್ಯೆಯನ್ನು ಅಷ್ಟು ಸುಲಭವಾಗಿ ಬದಲಿಸಿಕೊಳ್ಳುವ ದಾರಿ ಆ 6 ಲಕ್ಷ ಚಾಲಕರಿಗೆ ಇರಲಿಲ್ಲ.